ಹಾಸ್ಟೆಲ್ಲಿನ ಸೀಗೆ ಮೇಡಂ

ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಗುಂಪಿನ ಫೋಟೊದಲ್ಲಿ ನಿಲ್ಲುವುದಕ್ಕೂ ಒಪ್ಪದಿದ್ದವರನ್ನು ಸತ್ತ ಮೇಲೆ ಅಚ್ಚಿನಲ್ಲಿ ಹಿಡಿದು ಕೂರಿಸುವುದು ನ್ಯಾಯವಲ್ಲ. ಮೈಸೂರಿನ ಕೃಷ್ಣಮೂರ್ತಿಪುರಂನ ನಮ್ಮ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿದ್ದು ಓದಿಹೋದವರಿಗೆ ಹೆಸರು ಬೇಕಾಗಿಯೂ ಇಲ್ಲ; ‘ಸೀಗೆ ಮೇಡಂ’ ಎಂದರೆ ಸಾಕು. ಆ ಅಡ್ಡಹೆಸರು ಇಟ್ಟವರು ಹುಡುಗಿಯರೇ. ಅದು ಮೊದಲ ಸಲ ಅವರ ಕಿವಿಗೆ ಬಿದ್ದಾಗ ನಾನು ಪಕ್ಕದಲ್ಲಿದ್ದೆ. ಇವತ್ತು ಯಾರಿಗೋ ಗ್ರಹಚಾರ ಕಾದಿದೆ ಎಂದುಕೊಂಡೆ. ಅವರು ಒಂದು ಗಳಿಗೆ ನಿಂತು, “ಸದ್ಯ, ಶಾಂಪೂ ಮೇಡಂ ಅನ್ಲಿಲ್ವಲ್ಲ” ಎಂದು ಮೆಟ್ಟಿಲು ಹತ್ತಿದರು.

ಹೋದ ತಿಂಗಳು ಅವರು ತೀರಿಕೊಂಡರು. ಸುದ್ದಿ ತಿಳಿದಾಗ ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಇಂಥ ಜಗಮೊಂಡಿ ಹೆಂಗಸು ಸಾವಿನ ಹತ್ತಿರ ಮಾತ್ರ ಯಾಕೆ ಹಟ ಮಾಡಲಿಲ್ಲ ಎಂದು. ಅಳು ಆಮೇಲೆ ಬಂತು, ಅಡುಗೆಮನೆಯಲ್ಲಿ ನಿಂಬೆಹಣ್ಣು ಹಿಂಡುತ್ತಿದ್ದಾಗ. ಹಿಂಡಿದ ಸಿಪ್ಪೆಯನ್ನು ಕಸದ ಬುಟ್ಟಿಗೆ ಹಾಕಲು ಕೈ ಬರಲಿಲ್ಲ.

ಅವರು ವಾರ್ಡನ್ ಆಗಿದ್ದರು, ನಾನು ಅವರ ಕೈಕೆಳಗೆ ಉಪವಾರ್ಡನ್. ನಮ್ಮದು ಸಮಾಜದ ಹಿರಿಯರು ಕಟ್ಟಿಸಿದ ಹಾಸ್ಟೆಲ್ಲು. ಒಂದು ಟ್ರಸ್ಟು ನಡೆಸುತ್ತದೆ, ವರ್ಷಕ್ಕೊಮ್ಮೆ ಮಠದ ಸ್ವಾಮಿಗಳು, ನಾವು ಬುದ್ಧಿಯವರು ಎನ್ನುವವರು, ಬಂದು ಮಕ್ಕಳನ್ನು ಹರಸಿ ಹೋಗುತ್ತಾರೆ. ಮೇಡಂ ಹೈಸ್ಕೂಲಿನಲ್ಲಿ ಟೀಚರಾಗಿದ್ದು ನಿವೃತ್ತರಾದ ಮೇಲೆ ಇಲ್ಲಿಗೆ ಬಂದವರು. ಒಣಕಲು ಮೈ, ಹಣೆ ತುಂಬ ವಿಭೂತಿ, ಗಂಜಿ ಹಾಕಿದ ಹತ್ತಿ ಸೀರೆ. ಗಂಜಿ ಎಂದರೆ ಅಂಗಡಿಯ ಪೌಡರಲ್ಲ, ಹಾಸ್ಟೆಲ್ಲಿನ ಅನ್ನ ಬಸಿದ ಗಂಜಿ. ಅವರು ಕಾರಿಡಾರಿನಲ್ಲಿ ಬರುತ್ತಿದ್ದರೆ ಸೀರೆಯ ಸರಬರ ಸದ್ದಿಗೇ ಹುಡುಗಿಯರು ಮೊಬೈಲು ಬಚ್ಚಿಡುತ್ತಿದ್ದರು. ಒಮ್ಮೆ ಒಬ್ಬಳು, “ಮೇಡಂ, ನಿಮ್ಮ ಸೀರೆ ಸ್ವಲ್ಪ ಮೆತ್ತಗಿದ್ರೆ ನಮಗೆ ತುಂಬ ಅನುಕೂಲ” ಎಂದಳು. “ಅದಕ್ಕೇ ಕಣೇ ಗಂಜಿ ಹಾಕೋದು” ಎಂದರು.

ಅವರ ಬಾಯಲ್ಲಿ ಸದಾ ಒಂದು ಪ್ರಶ್ನೆ: “ಅಡುಗೆಮನೇಲಿ ಇಲ್ಲದ್ದು ಬಚ್ಚಲುಮನೇಲಿ ಯಾಕಮ್ಮ ಬೇಕು?” ಹುಡುಗಿಯರ ಮೊಡವೆಗೆ ಹೆಸರುಹಿಟ್ಟು, ಒಡೆದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ, ಮೈ ಉಜ್ಜಲು ಒಣಗಿದ ಹೀರೇಕಾಯಿಯ ನಾರು. ಸಾರಿಗೆ ಕಿವುಚಿದ ಹುಣಸೆಹಣ್ಣಿನ ಚರಟ ತಾಮ್ರದ ಹಂಡೆಗೆ ಹೋಗುತ್ತಿತ್ತು. ಪೂಜೆಯ ಬೆಳ್ಳಿ ಬಟ್ಟಲನ್ನು ವಿಭೂತಿಯಿಂದ ಉಜ್ಜುತ್ತಿದ್ದಾಗ ಒಬ್ಬ ಹುಡುಗಿಯ ಅಜ್ಜಿ ಬಂದು, ಹಣೆಗೆ ಇಡೋದನ್ನ ಹೀಗೆ ಪಾತ್ರೆಗೆ ಹಾಕಬಹುದೇ ಎಂದು ಮುಖ ಸಿಂಡರಿಸಿದರು. “ಹಣೆ ಬೆಳಗೋದು ಬಟ್ಟಲು ಬೆಳಗದೇ ಇರುತ್ತಾ ಅಜ್ಜಿ?” ಎಂದು ಮೇಡಂ ಉಜ್ಜುವುದನ್ನು ಮುಂದುವರಿಸಿದರು. ಅಜ್ಜಿ ಹೊರಡುವಾಗ ಒಂದು ಪೊಟ್ಟಣ ವಿಭೂತಿ ಕೇಳಿ ತೆಗೆದುಕೊಂಡು ಹೋದರು.

ಭಾನುವಾರ ಮಹಡಿಯ ಮೇಲೆ ತಲೆಸ್ನಾನದ ಸಂಭ್ರಮ. ಸೀಗೆಪುಡಿ ಕಣ್ಣಿಗೆ ಬಿದ್ದ ಹುಡುಗಿಯರ ಕೂಗು ಬೀದಿಯ ಕೊನೆಗೂ ಕೇಳುತ್ತಿತ್ತು. ಕೆಲವೇ ವಾರಗಳಲ್ಲಿ ಸೀಗೆಯ ಗಸಿ ಇಡೀ ಕಟ್ಟಡದ ಚರಂಡಿ ಪೈಪನ್ನು ಕಟ್ಟಿಬಿಟ್ಟಿತು. ಪ್ಲಂಬರ್ ಕಡ್ಡಿ ಹಾಕಿ ಎಳೆದಾಗ ಬಂದ ಕರಿ ಮುದ್ದೆಯನ್ನು ನೋಡಿ ಹುಡುಗಿಯರು ಇನ್ನು ಶಾಂಪೂ ಗ್ಯಾರಂಟಿ ಎಂದು ಖುಷಿಪಟ್ಟರು. ಮೇಡಂ ತಮ್ಮ ಹಳೆಯ ಸೀರೆಯೊಂದನ್ನು ಹರಿದು ತಂದರು. ಅಂದಿನಿಂದ ಸೀಗೆ ಕುದಿಸಿ, ಸೋಸಿ, ತಿಳಿ ಮಾತ್ರ ತಲೆಗೆ. ಗಸಿ ದಾಸವಾಳದ ಬುಡಕ್ಕೆ. ತಪ್ಪಾಯಿತೆಂದು ಹಿಂದಕ್ಕೆ ಹೋಗುವ ಜಾಯಮಾನವೇ ಅವರದಲ್ಲ. ತಪ್ಪು ಎಲ್ಲಿ ಆಯಿತೆಂದು ನೋಡಿ ಅಲ್ಲಿಂದ ಮುಂದಕ್ಕೆ ಹೋಗುತ್ತಿದ್ದರು.

ಇಷ್ಟೇ ಆಗಿದ್ದರೆ ಅವರು ತಮಾಷೆಯ ನೆನಪಾಗಿ ಉಳಿಯುತ್ತಿದ್ದರು, ನಾನು ಬರೆಯಲು ಕೂರುತ್ತಿರಲಿಲ್ಲ. ನಮ್ಮಲ್ಲಿ ಚಿಕ್ಕತಾಯಮ್ಮ ಎಂಬುವರು ಸ್ವಚ್ಛತೆಯ ಕೆಲಸಕ್ಕಿದ್ದರು. ಇಲವಾಲದಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಮನೆಯಲ್ಲಿ ದುಡಿಯುವ ಕೈ ಅವರದೊಂದೇ. ಸಣ್ಣ ಸ್ವರದ ಹೆಂಗಸು. ಯಾರು ಗದರಿದರೂ “ಆಯ್ತು ಬುಡಿ” ಎನ್ನುವುದೇ ಅವರ ಉತ್ತರ. ಆ ಕಾಲದಲ್ಲಿ ನಮ್ಮ ಬಚ್ಚಲು, ಕಕ್ಕಸುಗಳನ್ನು ತೊಳೆಯುತ್ತಿದ್ದುದು ಟ್ರಸ್ಟಿನ ಆಫೀಸಿನಿಂದ ಕ್ಯಾನುಗಟ್ಟಲೆ ಬರುತ್ತಿದ್ದ ಆಸಿಡ್ಡಿನಲ್ಲಿ. ಬೋರ್‌ವೆಲ್ಲಿನ ಗಡಸು ನೀರು ಟೈಲ್ಸಿನ ಮೇಲೆ ಬಿಳಿ ಕಲೆ ಕಟ್ಟುತ್ತಿತ್ತು, ಅದು ಬೇರೆ ಯಾವುದಕ್ಕೂ ಜಗ್ಗುವುದಿಲ್ಲ ಎಂದು ಎಲ್ಲರೂ ನಂಬಿದ್ದೆವು.

ಒಂದು ಬೆಳಿಗ್ಗೆ ಚಿಕ್ಕತಾಯಮ್ಮ ಮೇಲಿನ ಬಚ್ಚಲಿಗೆ ಬ್ಲೀಚಿಂಗ್ ಪೌಡರ್ ಉದುರಿಸಿ ಉಜ್ಜಿದರು. ಕಲೆ ಹೋಗಲಿಲ್ಲ. ಅದರ ಮೇಲೇ ಆಸಿಡ್ ಸುರಿದರು. ಎರಡೂ ಕೂಡಿದರೆ ವಿಷದ ಹೊಗೆ ಏಳುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಹುಡುಗಿಯರು ನುಗ್ಗಿ ಜಾರಿ ಬೀಳಬಾರದೆಂದು ಬಾಗಿಲು ಹಾಕಿಕೊಂಡಿದ್ದರು. ಕೆಮ್ಮು ಕೇಳಿ ನಾವು ಓಡಿದಾಗ ಬಾಗಿಲ ಸಂದಿಯಿಂದ ಹಳದಿ ಹೊಗೆ ಬರುತ್ತಿತ್ತು. ಮೇಡಂ ಒದ್ದೆ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಭುಜದಿಂದ ಬಾಗಿಲು ಗುದ್ದಿ, ಒಳಗೆ ಬಿದ್ದಿದ್ದವರನ್ನು ಎರಡೂ ಕಂಕುಳಿಗೆ ಕೈ ಕೊಟ್ಟು ಹೊರಗೆ ಎಳೆದರು. ಆ ಒಣಕಲು ಮೈಯಲ್ಲಿ ಅಷ್ಟು ಕಸುವು ಎಲ್ಲಿತ್ತೋ ಕಾಣೆ.

ಚಿಕ್ಕತಾಯಮ್ಮ ಆಸ್ಪತ್ರೆಯಿಂದ ಬದುಕಿ ಬಂದರು. ಆದರೆ ಮೆಟ್ಟಿಲು ಹತ್ತಿದರೆ ಎದೆಯಲ್ಲಿ ಸೀಟಿ ಹೊಡೆದಂತೆ ಸದ್ದು. ಇನ್ನೊಂದು ಸಲ ಅಂಥ ಹೊಗೆ ಎದೆಗೆ ಹೋದರೆ ತಾವು ಜವಾಬ್ದಾರರಲ್ಲ ಎಂದು ಡಾಕ್ಟರು ಹೇಳಿದ್ದರು. ಟ್ರಸ್ಟಿನ ಕಾರ್ಯದರ್ಶಿಗಳು ಬಂದರು. ಬಟ್ಟೆ ಅಂಗಡಿಯ ಯಜಮಾನರು, ಒಳ್ಳೆಯ ಮನುಷ್ಯರೇ, ಆದರೆ ಎಲ್ಲ ಕೆಲಸವೂ ಸಂಜೆಯೊಳಗೆ ಮುಗಿದುಬಿಡಬೇಕು ಎನ್ನುವವರು. “ಪಾಪ, ಆ ಹೆಂಗಸಿಗೆ ಏನಾದ್ರೂ ಕೊಟ್ಟು ಕಳಿಸ್ಬುಡೋಣ ಮೇಡಂ. ಕ್ಲೀನಿಂಗನ್ನ ಏಜೆನ್ಸಿಯೋರಿಗೆ ವಹಿಸೋಣ. ಡಾಕ್ಟ್ರೇ ಈ ಕೆಲಸ ಬೇಡ ಅಂದಿದಾರೆ” ಎಂದರು.

“ಡಾಕ್ಟ್ರು ಆ ಹೊಗೆ ಬೇಡ ಅಂದ್ರು ಸರ್. ಚಿಕ್ಕತಾಯಿ ಬೇಡ ಅನ್ಲಿಲ್ಲ.”

“ಆಸಿಡ್ ಇಲ್ದೆ ಈ ಬಚ್ಚಲುಗಳು ಕ್ಲೀನ್ ಆಗ್ತವಾ?”

“ಆಗ್ತವೆ.”

ಆಗುತ್ತವೋ ಇಲ್ಲವೋ ಅವರಿಗೆ ಆಗ ಗೊತ್ತಿರಲಿಲ್ಲ. ಅವರಿಗೆ ಗೊತ್ತಿಲ್ಲ ಎನ್ನುವುದು ಪಕ್ಕದಲ್ಲಿದ್ದ ನನಗೆ ಚೆನ್ನಾಗಿ ಗೊತ್ತಿತ್ತು. ಬುದ್ಧಿಯವರ ಆ ವರ್ಷದ ಭೇಟಿಗೆ ಇನ್ನೂ ಕೆಲವು ತಿಂಗಳಿತ್ತು; ಕಾರ್ಯದರ್ಶಿಗಳು ಅಲ್ಲಿಯವರೆಗೆ ಸಮಯ ಕೊಟ್ಟರು. ಅಷ್ಟರೊಳಗೆ ಕಟ್ಟಡ ಥಳಥಳ ಎನ್ನಬೇಕು, ವಾಸನೆ ಬರಕೂಡದು. ಇಲ್ಲವಾದರೆ ಚಿಕ್ಕತಾಯಮ್ಮನ ಜಾಗಕ್ಕೆ ಏಜೆನ್ಸಿ. ಅವರು ಹೋದ ಮೇಲೆ, “ಹೇಗೆ ಮಾಡ್ತೀರಿ ಮೇಡಂ?” ಎಂದು ಕೇಳಿದೆ. “ಗೊತ್ತಿಲ್ಲ ಕಣಮ್ಮ. ಮಾಡ್ತಾ ಮಾಡ್ತಾ ಗೊತ್ತಾಗುತ್ತೆ. ಮೊದಲು ಆ ಕ್ಯಾನುಗಳನ್ನ ವಾಪಸ್ ಕಳಿಸು” ಎಂದರು.

ಮೊದಲ ಪ್ರಯೋಗ ಅಡುಗೆ ಸೋಡಾ ಮತ್ತು ವಿನೆಗರಿನದು. ಎರಡನ್ನೂ ಬಕೆಟ್ಟಿನಲ್ಲಿ ಕೂಡಿಸಿದಾಗ ನೊರೆ ಭುಸ್ಸೆಂದು ಎದ್ದು ಹೊರಗೆ ಚೆಲ್ಲಿತು, ಹುಡುಗಿಯರು ಚಪ್ಪಾಳೆ ತಟ್ಟಿದರು. ಕಲೆ ಮಾತ್ರ ಇದ್ದಲ್ಲೇ ಇತ್ತು. ಅದನ್ನೇ ಮೂರ್ನಾಲ್ಕು ದಿನ ಮಾಡಿ ಮೇಡಂ ಕೊನೆಗೆ ಹಣೆ ಚಚ್ಚಿಕೊಂಡರು: “ಹುಳಿನೂ ಸೋಡಾನೂ ಒಂದನ್ನೊಂದು ತಿಂದ್ಕೊಂಡು ಸುಮ್ಮನಾಗ್ಬುಡ್ತವೆ. ಕಲೆ ತಿನ್ನೋಕೆ ಏನು ಉಳೀತು?” ಆಮೇಲೆ ಬೇರೆಬೇರೆ ಮಾಡಿದರು. ಜಿಡ್ಡಿಗೆ ಸೋಡಾ. ಬಿಳಿ ಕಲೆಗೆ ವಿನೆಗರಿನಲ್ಲಿ ಅದ್ದಿದ ಹಳೆ ಬಟ್ಟೆಯನ್ನು ಸಂಜೆ ಟೈಲ್ಸಿಗೆ ಅಂಟಿಸಿ, ಬೆಳಿಗ್ಗೆ ತೆಂಗಿನ ನಾರಿನಿಂದ ಉಜ್ಜುವುದು. ಬಟ್ಟೆ ತೆಗೆದ ಮೊದಲ ಬೆಳಿಗ್ಗೆ ಒಂದು ಅಂಗೈಯಗಲ ಜಾಗ ಹೊಸದರಂತೆ ಹೊಳೆಯಿತು. ಚಿಕ್ಕತಾಯಮ್ಮ ಅದನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. ಮೇಡಂ ಮಾತ್ರ ಆ ಅಂಗೈಯಗಲವನ್ನು ಬಿಟ್ಟು ಉಳಿದ ಗೋಡೆಯನ್ನೇ ನೋಡುತ್ತಿದ್ದರು.

ನೆಲಕ್ಕೆಂದು ನಿಂಬೆ, ಮೋಸಂಬಿ ಸಿಪ್ಪೆಗೆ ಬೆಲ್ಲ, ನೀರು ಬೆರೆಸಿ ಡ್ರಮ್ಮಿನಲ್ಲಿ ಕೊಳೆಹಾಕಿದರು. ಅಗ್ರಹಾರದ ಜ್ಯೂಸ್ ಅಂಗಡಿಯವನು ಸಿಪ್ಪೆಯನ್ನು ಇವರಿಗೆಂದೇ ಚೀಲದಲ್ಲಿ ತೆಗೆದಿಡುತ್ತಿದ್ದ. ದಿನಾ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕು. ಒಂದು ದಿನ ನಾನು ರಜೆ ಹಾಕಿದ್ದೆ, ಯಾರೂ ಬಿಡಲಿಲ್ಲ. ಮುಚ್ಚಳ ಪಟಾಕಿಯಂತೆ ಸಿಡಿದು ಸ್ಟೋರ್‌ರೂಮಿನ ಸೂರಿಗೆಲ್ಲ ಸಿಪ್ಪೆ. ಪಾತ್ರೆಗೆ ಬೂದಿ ಬೇಕಾಗಿತ್ತು, ನಮ್ಮದು ಗ್ಯಾಸ್ ಒಲೆ. ಬೀದಿ ತುದಿಯ ಇಸ್ತ್ರಿಯವರ ಇದ್ದಿಲಿನ ಬೂದಿಯನ್ನು ಜರಡಿ ಹಿಡಿದು ತಂದರು. ಬಟ್ಟೆಗೆ ಅಂಟುವಾಳ. ದೇವರಾಜ ಮಾರುಕಟ್ಟೆಯಿಂದ ಮೂಟೆ ತಂದು, ಬೀಜ ಬಿಡಿಸುವ ಕೆಲಸಕ್ಕೆ ತಡವಾಗಿ ಬಂದ ಹುಡುಗಿಯರನ್ನು ಕೂರಿಸುತ್ತಿದ್ದರು. ಶಿಸ್ತೂ ಆಯಿತು, ಸೋಪೂ ಆಯಿತು ಎಂದು ನಾವು ನಗುತ್ತಿದ್ದೆವು.

ಇವರಿಗೆ ಹುಚ್ಚು ಎನ್ನುವವರಿದ್ದರು. ಹುಚ್ಚಿರಲಿಲ್ಲ. ಆ ನಡುವೆ ಹುಡುಗಿಯರಿಗೆ ವಾಂತಿ ಭೇದಿ ಹರಡಿತು. ನಾನು ಸಿಪ್ಪೆಯ ನೀರಿನ ಬಕೆಟ್ ಹಿಡಿದು ಹೊರಟರೆ ಮೇಡಂ ತಡೆದರು. “ಇದು ಅದರ ಕೈಲಾಗೋ ಕೆಲಸ ಅಲ್ಲ, ಇಡು ಕೆಳಗೆ.” ಚಿಕ್ಕತಾಯಮ್ಮನಿಗೆ ರಜೆ ಕೊಟ್ಟು ಊರಿಗೆ ಕಳಿಸಿದರು. ತಮ್ಮ ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದ ಬ್ಲೀಚಿಂಗ್ ಪೌಡರನ್ನು ನೀರಿನಲ್ಲಿ ತೆಳ್ಳಗೆ ಕಲಸಿ, ಕಿಟಕಿ ಬಾಗಿಲು ತೆರೆದು, ಕಕ್ಕಸುಗಳನ್ನೆಲ್ಲ ತಾವೇ ತೊಳೆದರು. ಆ ದಿನಗಳಲ್ಲಿ ವಿನೆಗರಾಗಲಿ ಸಿಪ್ಪೆಯ ನೀರಾಗಲಿ, ಹುಳಿ ಎನ್ನುವುದು ಆ ಕಡೆ ಸುಳಿಯಕೂಡದು; ಪೌಡರಿಗೆ ಸೋಕಿದರೆ ಮತ್ತದೇ ಹೊಗೆ. ರೋಗ ನಿಂತ ಮೇಲೆ ಪೌಡರು ಮತ್ತೆ ಬೀಗದೊಳಗೆ ಹೋಯಿತು. ವಾರ್ಡನ್ ಆದವರು ಕಕ್ಕಸು ತೊಳೆಯುವುದೇ ಎಂದು ಒಬ್ಬ ಪೋಷಕರು ಕೇಳಿದರು. “ಬಳಸೋದಕ್ಕೆ ನಾಚಿಕೆ ಇಲ್ಲ, ತೊಳೆಯೋದಕ್ಕೆ ಯಾಕೆ ಕಣ್ರೀ?” ಎಂದರು.

ಬುದ್ಧಿಯವರ ಭೇಟಿ ಹತ್ತಿರ ಬಂತು. ಬಚ್ಚಲುಗಳು ನಿಜಕ್ಕೂ ಬೆಳಗುತ್ತಿದ್ದವು. ಚಿಕ್ಕತಾಯಮ್ಮನ ಎದೆಯ ಸೀಟಿ ಕಡಿಮೆಯಾಗಿ, ಹಾಡು ಗುನುಗುವಷ್ಟು ಉಸಿರು ಬಂದಿತ್ತು. ಉಳಿದದ್ದು ಪ್ರಾರ್ಥನೆಯ ಹಾಲ್ ಒಂದೇ. ಅದರ ನೆಲಕ್ಕೆ ಬಿಳಿ ಮಾರ್ಬಲ್. ಕಾರ್ಯದರ್ಶಿಗಳು ತಮ್ಮ ತಾಯಿಯ ನೆನಪಿಗೆ ಹಾಕಿಸಿಕೊಟ್ಟದ್ದು. ಬುದ್ಧಿಯವರು ಕೂರುವುದೂ ಅಲ್ಲೇ. ಅದೂ ಮಿರಮಿರ ಮಿಂಚಲಿ ಎಂದು ಮೇಡಂ ಸಿಪ್ಪೆಯ ನೀರನ್ನು ಗಟ್ಟಿಯಾಗಿಯೇ ಸುರಿದು, ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ತಾವೇ ಸೆರಗು ಕಟ್ಟಿ ಉಜ್ಜಿದರು. ಹುಡುಗಿಯರು ನೀರು ಹೊಯ್ದರು. ನೆಲ ಒಣಗುತ್ತಾ ಬಂದಂತೆ ಒಬ್ಬೊಬ್ಬರೇ ಬಕೆಟ್ ಕೆಳಗಿಟ್ಟರು. ಮಾರ್ಬಲ್ಲಿನ ಹೊಳಪು ಹೋಗಿತ್ತು. ಸಿಪ್ಪೆಯ ನೀರು ನಿಂತಲ್ಲೆಲ್ಲ ಸುಣ್ಣ ಬಳಿದಂತೆ ಮಂಕು ಮಂಕಾದ ಮಚ್ಚೆಗಳು. ಬೆರಳಾಡಿಸಿದರೆ ತರಿತರಿ.

ಮೇಡಂ ಮಂಡಿಯೂರಿ ಕೂತವರು ಬಹಳ ಹೊತ್ತು ಏಳಲಿಲ್ಲ. “ಟೈಲ್ಸ್ ಮೇಲಿನ ಸುಣ್ಣದ ಕಲೆ ತಿನ್ನೋ ಹುಳಿ, ಸುಣ್ಣದ ಕಲ್ಲನ್ನ ಬಿಡುತ್ತಾ?” ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. “ಇಷ್ಟು ದಿನ ಅದನ್ನೇ ತಾನೇ ನೋಡ್ತಾ ಇದ್ದದ್ದು. ನಂಗೆ ಹೊಳೀಲಿಲ್ವಲ್ಲ.” ಮಾರನೆಯ ದಿನ ಕಾರ್ಯದರ್ಶಿಗಳು ಪರಿಶೀಲನೆಗೆ ಬರುವವರಿದ್ದರು.

ಚಿಕ್ಕತಾಯಮ್ಮ ಹತ್ತಿರ ಬಂದು ಮೆಲ್ಲಗೆ, “ಅಮ್ಮೋರೆ, ನಾನೇ ಗೊತ್ತಿಲ್ದೆ ಮಾಡ್ಬುಟ್ಟೆ ಅಂತ ಏಳ್ತೀನಿ. ನಂದು ಎಂಗಿದ್ರೂ ಓಗೋ ಕೆಲ್ಸನೇಯ. ನಿಮ್ಗ್ಯಾಕೆ ಬಯ್ಗುಳ?” ಎಂದರು.

ಮೇಡಂ ತಲೆಯೆತ್ತಿ ನೋಡಿದ ನೋಟಕ್ಕೆ ಆಕೆ ಎರಡು ಹೆಜ್ಜೆ ಹಿಂದೆ ಸರಿದರು. “ಇನ್ನೊಂದು ಸಲ ಆ ಮಾತಾಡಿದ್ರೆ ನಾನೇ ನಿನ್ನ ಗೇಟಿನಿಂದ ಆಚೆ ಹಾಕ್ತೀನಿ. ಇಷ್ಟೆಲ್ಲ ಮಾಡಿದ್ದು ನೀನು ಸುಳ್ಳು ಹೇಳಿ ಹೋಗ್ಲಿ ಅಂತಾನಾ? ಉಸಿರಾಡೋ ಹಾಗಾಗಿದೆ ನಿಂಗೆ, ಅದನ್ನ ಹೀಗೆ ಖರ್ಚು ಮಾಡ್ಬೇಡ.”

ನಾನು ಜಮಖಾನ ಹಾಸಿ ಮುಚ್ಚಿಬಿಡೋಣ ಎಂದೆ. ಮೇಡಂ ಇದ್ದ ಜಮಖಾನವನ್ನೂ ಸುತ್ತಿ ಒಳಗಿಡಿಸಿದರು.

ಕಾರ್ಯದರ್ಶಿಗಳು ಬಂದಾಗ ಮೇಡಂ ಅವರನ್ನು ಬೇರೆಲ್ಲಿಗೂ ಕರೆದೊಯ್ಯದೆ ನೇರವಾಗಿ ಹಾಲಿಗೆ ಕರೆದೊಯ್ದರು. ಅವರ ಮುಖದ ಬಣ್ಣ ಬದಲಾಯಿತು. ತಾಯಿಯ ಹೆಸರು ಕೊರೆದಿದ್ದ ಕಲ್ಲಿನ ಹತ್ತಿರವೂ ಒಂದು ಮಚ್ಚೆಯಿತ್ತು. ಸಿಟ್ಟಿಗಿಂತ ನೋವೇ ಹೆಚ್ಚಾಗಿ ಕಂಡಿತು, ನನಗೆ ಅಯ್ಯೋ ಅನಿಸಿತು.

“ಇದು ನಾನು ಮಾಡಿದ್ದು ಸರ್” ಎಂದರು ಮೇಡಂ. “ಹುಳಿ ಮಾರ್ಬಲ್ಲಿಗೆ ಆಗೋದಿಲ್ಲ. ನಂಗೆ ಗೊತ್ತಿರಬೇಕಿತ್ತು, ಗೊತ್ತಿರ್ಲಿಲ್ಲ. ನಿಮ್ಮ ತಾಯಿಯವರ ನೆನಪಿಗೆ ಹಾಕಿಸಿದ್ದು, ಕ್ಷಮಿಸಿ ಅಂತ ಕೇಳ್ತೀನಿ.”

“ಅದಕ್ಕೇ ನಾನು ಅವತ್ತೇ ಏಜೆನ್ಸಿ ಅಂದದ್ದು, ಈ ಅಡುಗೆಮನೆ ವೈದ್ಯ ಎಲ್ಲ ಯಾಕೆ ಅಂತ. ಬೇಡ ಮೇಡಂ. ಏಜೆನ್ಸಿಯೋರಿಗೆ ಇವತ್ತೇ ಹೇಳ್ಬುಡ್ತೀನಿ.”

“ತಪ್ಪು ನಂದು, ಶಿಕ್ಷೆ ಅವಳಿಗಾ?” ಮೇಡಂ ಅವರ ದನಿ ಏರಲಿಲ್ಲ. “ನೀವು ಕೇಳಿದ್ದು ಬಚ್ಚಲು ಕ್ಲೀನ್ ಆಗ್ತವಾ ಅಂತ. ಅದನ್ನ ನೋಡದೆ ಹೇಗೆ ತೀರ್ಮಾನ ಮಾಡ್ತೀರಿ? ಮಾರ್ಬಲ್ಲು ಮತ್ತೆ ಪಾಲಿಶ್ ಮಾಡಿಸಿದ್ರೆ ಸರಿಹೋಗುತ್ತೆ, ಅದನ್ನ ನಾನು ಮಾಡಿಸ್ಕೊಡ್ತೀನಿ. ಅವಳ ಎದೆಯೊಳಗೆ ಪಾಲಿಶ್ ಮಾಡೋರು ಮೈಸೂರಲ್ಲಿ ಯಾರಾದ್ರೂ ಇದ್ರೆ ಹೇಳಿ ಸರ್, ಈಗ್ಲೇ ಆಸಿಡ್ ತರಿಸ್ತೀನಿ.”

ಕಾರ್ಯದರ್ಶಿಗಳು ಬಗ್ಗಿ ತಾಯಿಯ ಹೆಸರಿನ ಮೇಲೆ ಬೆರಳಾಡಿಸಿದರು. ಎದ್ದು ಮೇಲಿನ ಬಚ್ಚಲಿಗೆ ಹೋದರು. ಒಂದೊಂದೇ ಬಾಗಿಲು ತೆರೆದರು. ಬಗ್ಗಿ ಮೂಲೆಗಳನ್ನು ನೋಡಿದರು, ಮೂಗೆಳೆದು ವಾಸನೆ ನೋಡಿದರು. ಅಲ್ಲೇ ಬಕೆಟ್ ಹಿಡಿದು ನಿಂತಿದ್ದ ಚಿಕ್ಕತಾಯಮ್ಮನನ್ನು, “ಉಸಿರಾಟ ಹೇಗಿದೆಯಮ್ಮ?” ಎಂದು ಕೇಳಿದರು. “ವಾಸಿ ಸಾ” ಎಂದರು ಆಕೆ. ಕೆಳಗೆ ಬಂದು ಅವರು ಹೇಳಿದ್ದಿಷ್ಟು: ಚಿಕ್ಕತಾಯಮ್ಮ ಇರಲಿ, ಬಚ್ಚಲುಗಳು ಹೀಗೇ ನಡೆಯಲಿ. ಆದರೆ ಕಮಿಟಿಯಲ್ಲಿ ಮಾರ್ಬಲ್ಲಿನ ಬಗ್ಗೆ ಯಾರಾದರೂ ಉತ್ತರ ಕೊಡಲೇಬೇಕಾಗುತ್ತದೆ. ವರ್ಷ ವರ್ಷ ಮುಂದುವರಿಸುತ್ತಿದ್ದ ಮೇಡಂ ಅವರ ನೇಮಕವನ್ನು ಈ ಸಲ ಮುಂದುವರಿಸುವುದು ಕಷ್ಟ.

“ಆಯ್ತು ಸರ್. ಬುದ್ಧಿಯೋರು ಬಂದು ಹೋಗ್ಲಿ, ಚಾರ್ಜು ಒಪ್ಪಿಸ್ತೀನಿ” ಎಂದರು ಮೇಡಂ, ಪೇಟೆಗೆ ಹೋಗಿ ಬರುತ್ತೇನೆ ಎನ್ನುವ ಹಾಗೆ.

ನನಗೆ ತಡೆಯಲಾಗಲಿಲ್ಲ. ಅವರ ಕೋಣೆಗೆ ಹೋಗಿ ಕೂಗಾಡಿದೆ. ಕಾಲಿಗೆ ಬಿದ್ದಾದರೂ ಕೇಳಬೇಕಿತ್ತು, ಹುಡುಗಿಯರ ಕೈಲಿ ಸಹಿ ಹಾಕಿಸುತ್ತೇನೆ ಎಂದೆಲ್ಲ ಹೇಳಿದೆ. ಅವರು ಸೀರೆ ಮಡಚುತ್ತಿದ್ದವರು ನಿಲ್ಲಿಸಿ, “ಕೂತ್ಕೊ” ಎಂದರು. “ನಂಗೆ ಪೆನ್ಷನ್ ಬರುತ್ತೆ. ಅವಳಿಗೆ ಏನು ಬರುತ್ತೆ? ಎರಡರಲ್ಲಿ ಒಂದು ಉಳೀಬೇಕು ಅಂದ್ರೆ ಯಾವುದು ಅಂತ ನೀನೇ ಹೇಳು.” ನಾನು ಅತ್ತೆ. ಅವರು ಅಳಲಿಲ್ಲ, ಡ್ರಮ್ಮಿನ ಗಾಳಿ ದಿನಾ ಬಿಡಬೇಕೆಂದು ಇನ್ನೊಂದು ಸಲ ನೆನಪಿಸಿದರು. ಹೋಗುವ ಮುಂಚೆ ಕಲ್ಲುಕೆಲಸದವರನ್ನು ಕರೆಸಿ ಮಾರ್ಬಲ್ ಪಾಲಿಶ್ ಮಾಡಿಸಿದರು. ಇಡೀ ದಿನ ಆ ಮಷಿನ್ನಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದರು.

ಅವರ ಜಾಗಕ್ಕೆ ನನ್ನನ್ನು ಹಾಕಿದರು. ನನಗೆ ಅವರ ಧೈರ್ಯವಿರಲಿಲ್ಲ, ಈಗಲೂ ಇಲ್ಲ. ಕೆಲವು ತಿಂಗಳು ಕಳೆದಿರಬೇಕು. ಕಮಿಟಿ ಬದಲಾಗಿ ಹೊಸ ಕಾರ್ಯದರ್ಶಿಗಳು ಬಂದಿದ್ದರು. ಒಂದು ಬೆಳಿಗ್ಗೆ ಗೇಟಿನ ಮುಂದೆ ಗೂಡ್ಸ್ ಆಟೊ ನಿಂತಿತು. ಹಿಂದುಗಡೆ ಆಸಿಡ್ ಕ್ಯಾನುಗಳು. ಟ್ರಸ್ಟಿನ ಆಫೀಸಿನಿಂದಲೇ ಆರ್ಡರ್ ಆಗಿದೆ, ಇಳಿಸಿಕೊಳ್ಳಿ ಎಂದ ಆಟೊದವನು. ಬೇಡವೆಂದರೆ ಹೊಸಬರ ಜೊತೆ ಮೊದಲ ದಿನವೇ ಜಗಳ. ಇಳಿಸಿಕೊಂಡು ಸ್ಟೋರಿನ ಮೂಲೆಯಲ್ಲಿಟ್ಟು, ಆಮೇಲೆ ಆಫೀಸಿಗೆ ಫೋನ್ ಮಾಡೋಣವೇ ಎಂದು ನಾನು ಲೆಕ್ಕ ಹಾಕುತ್ತಿದ್ದೆ.

ಅಷ್ಟರಲ್ಲಿ ಚಿಕ್ಕತಾಯಮ್ಮ ಪೊರಕೆ ಗೋಡೆಗೆ ಒರಗಿಸಿ ನನ್ನನ್ನು ದಾಟಿ ಮುಂದೆ ಹೋದರು. ಗೇಟಿನ ಅರ್ಧ ತೆರೆದಿದ್ದ ಬಾಗಿಲನ್ನು ಎಳೆದು ಹಾಕಿ, ಅಗುಳಿ ಜಡಿದು, ಅದರ ಮುಂದೆ ನಿಂತರು.

“ವಾಪಸ್ ತಕ್ಕೊಂಡೋಗಪ್ಪ. ಇಲ್ಲಿ ಇದು ಬೇಡ.”

ಆಟೊದವನಿಗೆ ನಗು ಬಂತು. “ಬೇಡ ಅನ್ನೋಕೆ ನೀನ್ಯಾರಮ್ಮ?”

“ಇದ್ರ ಒಗೆ ಕುಡ್ದೋಳು ನಾನು” ಎಂದರು ಚಿಕ್ಕತಾಯಮ್ಮ. ಅವರಿಗೆ ಅಷ್ಟು ದೊಡ್ಡ ದನಿ ಇದೆಯೆಂದು ನನಗೆ ಅಂದೇ ಗೊತ್ತಾದದ್ದು. “ಯಾರು ಕಳ್ಸಿದ್ರೋ ಅವ್ರನ್ನ ಬರಾಕೆ ಏಳು. ನಾನು ಇಲ್ಲೇ ಇರ್ತೀನಿ.”

ಅವನು ನನ್ನ ಕಡೆ ನೋಡಿದ. ನಾನು ಹೋಗಿ ಅವರ ಪಕ್ಕದಲ್ಲಿ ನಿಂತೆ. ಆಟೊ ಹಿಂದಕ್ಕೆ ತಿರುಗಿತು.